ಸೊಂಟದೆತ್ತರದ ಗೀರು

ಕಾರಿಗೆ ಗೀರು ಹಾಕಿದ್ದು ನಾನು. ನಮ್ಮ ಮನೆಯ ಗೇಟಲ್ಲ, ಪಕ್ಕದ ಮನೆಯ ಮೇಕೆಯಲ್ಲ, ಹೆದ್ದಾರಿಯ ಲಾರಿಗಳು ಸಿಡಿಸಿದ ಜಲ್ಲಿಯಲ್ಲ. ನನ್ನ ಸೊಸೆಯಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ನನ್ನ ಪರವಾಗಿ ಎರಡು ಮಾತು ನುಸುಳಿಬಿಡುತ್ತವೆ. ನನ್ನ ಬುದ್ಧಿ ನನಗೆ ಗೊತ್ತು. ಆ ಗೀರು ಯಾರದೆಂದು ಅಂಗಳದಲ್ಲಿ ಪಂಚಾಯಿತಿ ಕೂಡಿಸಿದವಳೂ ನಾನೇ, ಅಳತೆ ಹಿಡಿದವಳೂ ನಾನೇ, ತೀರ್ಪು ಹೇಳಿದವಳೂ ನಾನೇ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಒಂದೇ ಸಲಕ್ಕೆ ಇಷ್ಟು ಕೆಲಸ ಸಿಕ್ಕರೆ ತಲೆ ನಿಲ್ಲುತ್ತದೆಯೇ?

ನಮ್ಮ ಮನೆ ಅರಿಶಿನಕುಂಟೆಯಲ್ಲಿ, ತುಮಕೂರು ರಸ್ತೆಗೆ ಕೂಗಳತೆಯಲ್ಲಿ. ಅಂಗಳ ಎರಡು ಸಲ ಗುಡಿಸಿದರೂ ಮೂರನೆಯ ಸಲಕ್ಕೆ ಆಗುವಷ್ಟು ಧೂಳನ್ನು ಲಾರಿಗಳು ಕಳಿಸಿಕೊಡುತ್ತವೆ. ಮಗ ಅದೇ ರಸ್ತೆಯ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ, ಬೈಕಿನಲ್ಲಿ ಹೋಗಿ ಬರುತ್ತಾನೆ. ಸೊಸೆಯದು ಸೋಂಪುರದ ಕಡೆ, ಪ್ಲಾಸ್ಟಿಕ್ ಡಬ್ಬಿ ಮಾಡುವ ಫ್ಯಾಕ್ಟರಿ. ಡಬ್ಬಿಯ ಮುಚ್ಚಳಗಳನ್ನು ಬೆಳಕಿಗೆ ಹಿಡಿದು ಗೀರಿದೆಯೇ ಎಂದು ನೋಡುವುದೇ ಅವಳ ಕೆಲಸ. ಗೀರಿದ್ದರೆ ಪಕ್ಕಕ್ಕೆ, ಇಲ್ಲದಿದ್ದರೆ ಮುಂದಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಆ ವಾರ ನೆನಪಿಟ್ಟುಕೊಳ್ಳಲಿಲ್ಲ.

ಕಾರು ಸೊಸೆಯದು, ಮಗನದಲ್ಲ. ನೇರಳೆ ಹಣ್ಣು ಕಪ್ಪಾಗುವ ಮುಂಚೆ ಇರುತ್ತದಲ್ಲ, ಅಂಥ ನೀಲಿ. ಅವಳು ಓಡಿಸಲು ಕಲಿಯುತ್ತೇನೆ ಎಂದಾಗ ವಯಸ್ಸು ನಲವತ್ತು ದಾಟಿತ್ತು. ‘ಒಲೆ ಹಚ್ಚೋಕೆ ಮೂರು ಕಡ್ಡಿ ಗೀರ್ತೀಯ, ನೀನು ಕಾರ್ ಓಡಿಸ್ತೀಯಾ?’ ಎಂದೆ. ಅವಳು ಡ್ರೈವಿಂಗ್ ಕ್ಲಾಸಿಗೆ ಸೇರಿದಳು. ಕಲಿತಳು. ಮೊದಲೆಲ್ಲ ಬೆಳಕು ಹರಿಯುವ ಮುಂಚೆ ಎದ್ದು, ಬಸ್ಸು ಹಿಡಿದು ಡಾಬಸ್‌ಪೇಟೆಯಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಹತ್ತು ಜನರ ನಡುವೆ ನುರಿದು ಹೋಗುತ್ತಿದ್ದವಳು, ಕಾರು ಬಂದ ಮೇಲೆ ಮನೆಯಲ್ಲೇ ತಿಂಡಿ ತಿಂದು, ತಲೆ ಬಾಚಿಕೊಂಡು ಹೊರಡುತ್ತಿದ್ದಳು. ನಮ್ಮ ಬೀದಿಯ ಇನ್ನಿಬ್ಬರು ಹೆಂಗಸರನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಳು. ಗೇಟು ದಾಟುವಾಗ ಒಂದು ಸಲ ಹಾರ್ನ್ ಒತ್ತುತ್ತಿದ್ದಳು. ಅದು ಯಾರಿಗೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಕಾರಿಗೆ ಸ್ನಾನ. ತೊಳೆಯುವುದು ಮಗ, ಒರೆಸುವುದು ನಾನು, ಬೋಧನೆ ಮಾಡುವುದು ಮೊಮ್ಮಗಳು. ನಮ್ಮದು ಬೋರ್ ನೀರು. ಒರೆಸದೆ ಬಿಟ್ಟರೆ ಹನಿ ಒಣಗಿದಲ್ಲೆಲ್ಲ ಬಿಳಿಯ ಚುಕ್ಕೆ ನಿಲ್ಲುತ್ತದೆ, ಸೀತಾಳೆ ಎದ್ದ ಮುಖದ ಹಾಗೆ. ಆದ್ದರಿಂದ ಒರೆಸುವವರದೇ ದೊಡ್ಡ ಕೆಲಸ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಮೊಮ್ಮಗಳು ನೆಲಮಂಗಲದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಫೋನಿನಲ್ಲಿ ಕಲಿತದ್ದೇ ಹೆಚ್ಚು. ಆ ಭಾನುವಾರ ಕುರಿಮರಿಯ ಬೆನ್ನಿನ ಹಾಗೆ ನೊರೆನೊರೆ ರೋಮವಿದ್ದ ಒಂದು ಟವೆಲ್ ತಂದು ನನ್ನ ಕೈಗಿಟ್ಟಳು.

‘ಅಜ್ಜಿ, ಉಜ್ಜಬೇಡ. ಹಿಂಗೆ ಹಾಸು. ಎರಡು ಮೂಲೆ ಹಿಡ್ಕೊ. ಮೆಲ್ಲಗೆ ನಿನ್ನ ಕಡೆಗೆ ಎಳ್ಕೊ. ನೀರು ಅದೇ ಕುಡ್ಕೊಳ್ಳುತ್ತೆ.’

‘ಉಜ್ಜಿದ್ರೆ ಏನಾಗ್ತದೆ?’

‘ಧೂಳು ಒಂದ್ ಕಾಳು ಉಳ್ಕೊಂಡಿದ್ರೂ ಸಾಕು, ಪೇಂಟ್ ಮೇಲೆ ಗೀರು. ಬಟ್ಟೆ ನೆಲಕ್ಕೆ ಬಿದ್ರೆ ಮತ್ತೆ ಮುಟ್ಟಲೇಬಾರ್ದು. ಬಿಸಿಲಲ್ಲಿ ಒರೆಸಬಾರ್ದು.’

‘ನಿಮ್ಮಪ್ಪನ್ನ ಗೋಣಿತಾಟಲ್ಲಿ ಒರೆಸಿ ಬೆಳೆಸಿದೀನಿ ಕಣೇ. ಅವನ ಮೈಮೇಲೆ ಎಲ್ಲಾದ್ರೂ ಗೀರಿದ್ಯಾ ನೋಡು.’

‘ಅಪ್ಪಂಗೆ ಪಾಲಿಶ್ ಇಲ್ವಲ್ಲ ಅಜ್ಜಿ!’

ಬಕೆಟ್ ಹಿಡಿದು ನಿಂತಿದ್ದ ಮಗ ಏನೂ ಕೇಳಿಸದವನ ಹಾಗೆ ಚಕ್ರಕ್ಕೆ ನೀರು ಹಾಕಿದ.

ನಾನು ಟವೆಲ್ಲನ್ನು ಒಪ್ಪಲಿಲ್ಲ. ಅಂಗಡಿಯಿಂದ ಬಂದದ್ದು ನನಗೆ ಹೇಳಿಕೊಡುವುದೇನಿದೆ? ಒಳಗೆ ಹೋಗಿ ನನ್ನ ಹಳೆಯ ಹತ್ತಿಸೀರೆಯ ತುಂಡು ತಂದೆ. ಒಗೆದು ಒಗೆದು ಹೂವಿನ ಪಕಳೆಯ ಹಾಗಾಗಿತ್ತು. ಮೊಮ್ಮಗಳು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಅಂಚಿನ ಹೊಲಿಗೆ ಒರಟು ಎಂದು ಕತ್ತರಿ ತಂದು ನಾಲ್ಕೂ ಕಡೆ ಅಂಚು ಕತ್ತರಿಸಿದಳು. ಆಮೇಲೆ, ‘ಪರವಾಗಿಲ್ಲ ಅಜ್ಜಿ, ನಿನ್ನ ಬಟ್ಟೆ ಪಾಸು’ ಎಂದಳು. ನನಗೆ ಅಷ್ಟು ಸಾಕಾಯಿತು. ಆ ಬಟ್ಟೆಯಿಂದ ಕಾರಿಗೆ ಏನೂ ಆಗಲಿಲ್ಲ ಎನ್ನುವುದನ್ನೂ ಇಲ್ಲೇ ಬರೆದಿಡುತ್ತೇನೆ. ನನ್ನ ಪರವಾಗಿ ಹೇಳುವುದಕ್ಕೆ ಇರುವುದು ಅದೊಂದೇ.

‘ಬಳೆ, ಉಂಗುರ, ವಾಚು ಎಲ್ಲಾ ತೆಗೀಬೇಕು.’

ಎರಡೂ ಕೈ ಮುಂದಕ್ಕೆ ಚಾಚಿದೆ. ಗಂಡ ಹೋದ ಮೇಲೆ ನಾನು ಬಳೆ ತೊಟ್ಟಿಲ್ಲ. ಉಂಗುರ ಮೊಮ್ಮಗಳ ಬೆರಳಿಗೇ ಹೋಗಿದೆ. ವಾಚು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕಿತ್ತು ನಾನು?

‘ಬೆಲ್ಟು?’

‘ಅದೊಂದು ಬಾಕಿ ಇತ್ತು ನಂಗೆ.’

‘ಸೀರೆ ಎಲ್ಲಾ ಒದ್ದೆ ಮಾಡ್ಕೊತೀಯ. ಅಮ್ಮನ ನೈಟಿ ಹಾಕ್ಕೊಂಡ್ ಬಾ ಅಜ್ಜಿ.’

ನೈಟಿಯ ವಿಚಾರದಲ್ಲಿ ನನ್ನ ಮಾತು ಬೀದಿಗೆಲ್ಲ ಗೊತ್ತು. ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ನೈಟಿಯಲ್ಲಿ ಅಂಗಡಿಗೆ ಹೋಗುವ ಹೆಂಗಸರನ್ನು ಕಂಡಾಗಲೆಲ್ಲ, ‘ರಾಗಿ ಚೀಲಕ್ಕೆ ಕಾಲು ಬಂತಲ್ಲಪ್ಪಾ’ ಎನ್ನುತ್ತಿದ್ದೆ. ಸೊಸೆಗೂ ಅಂದಿದ್ದೇನೆ, ಪಕ್ಕದ ಮನೆಯಾಕೆಗೂ ಅಂದಿದ್ದೇನೆ. ‘ಸಾಯೋ ತನಕ ಆ ಚೀಲದೊಳಗೆ ಇಳಿಯಲ್ಲ ಕಣೇ’ ಎಂದು, ಸೆರಗನ್ನು ಬಿಗಿಯಾಗಿ ಸುತ್ತಿ ಮುಂದಕ್ಕೆ ತಂದು, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕೆ ನಿಂತೆ.

ಕಾರು ನಿಲ್ಲುವ ಜಾಗ ಕಿರಿದು. ಒಂದು ಮಗ್ಗುಲಿಗೆ ಅಂಗಳ, ಇನ್ನೊಂದು ಮಗ್ಗುಲಿಗೆ ಪಕ್ಕದ ಮನೆಯ ಕಾಂಪೌಂಡು. ಕಾಂಪೌಂಡಿಗೂ ಕಾರಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದಿ. ನಾನು ಗಿಡ್ಡಿ. ಕಾರಿನ ತಲೆಯ ಮೇಲಿನ ನೀರು ಒರೆಸಬೇಕಾದರೆ ತುದಿಗಾಲಲ್ಲಿ ನಿಂತು, ಹೊಟ್ಟೆಯನ್ನು ಬಾಗಿಲಿಗೆ ಒತ್ತಿ, ಕೈ ಚಾಚಬೇಕು. ಹಾಗೇ ಒತ್ತಿಕೊಂಡು ಹಿಂದಿನ ಬಾಗಿಲಿಂದ ಮುಂದಿನ ಬಾಗಿಲವರೆಗೆ ಸರಿಯಬೇಕು. ಸರಿದೆ. ಬೋರಿನ ಮೋಟರು ಓಡುತ್ತಿತ್ತು. ಕಾಂಪೌಂಡಿನ ಆಚೆ ಪಕ್ಕದ ಮನೆಯಾಕೆ ಸೊಪ್ಪು ಸೋಸುತ್ತಿದ್ದಳು. ಬಟ್ಟೆ ಪಾಸಾದ ಸುದ್ದಿಯನ್ನು ಅವಳಿಗೆ ಎರಡು ಸಲ ಹೇಳಿದೆ. ಮೋಟರಿನ ಸದ್ದು, ನನ್ನ ಬಾಯಿಯ ಸದ್ದು. ಇವೆರಡರ ನಡುವೆ ಮೂರನೆಯ ಸದ್ದು ಕೇಳಿಸುವುದಾದರೂ ಹೇಗೆ?

ಮಾರನೆಯ ದಿನ ಸೋಮವಾರ. ಸೊಸೆ ಕಾರು ತೆಗೆದುಕೊಂಡು ಸೋಂಪುರಕ್ಕೆ ಹೋದಳು, ಸಂಜೆ ಬಂದಳು. ಅಂದು ರಿವರ್ಸ್ ತೆಗೆದುಕೊಂಡು ಹಿಂದುಮುಂದಾಗಿ ನಿಲ್ಲಿಸಿದ್ದರಿಂದ, ಹಿಂದಿನ ದಿನ ಕಾಂಪೌಂಡಿಗೆ ಮುಖ ಮಾಡಿದ್ದ ಎಡಮಗ್ಗುಲು ಈಗ ಅಂಗಳಕ್ಕೆ ಬಂತು. ಬೈಕ್ ನಿಲ್ಲಿಸಿದ ಮಗ ಅಲ್ಲೇ ನಿಂತುಬಿಟ್ಟ.

‘ಏನಿದು?’

ಹಿಂದಿನ ಬಾಗಿಲಿಂದ ಮುಂದಿನ ಬಾಗಿಲವರೆಗೆ ಒಂದು ಗೀರು. ನೆಟ್ಟಗಿಲ್ಲ. ಮೇಲೆ ಹತ್ತಿ ಕೆಳಗಿಳಿದು, ಸಣ್ಣ ಹಾವು ಹರಿದ ಹಾಗೆ.

‘ಎಲ್ಲಿ ತಾಗಿಸ್ದೆ?’ ಎಂದ ಹೆಂಡತಿಗೆ.

‘ಎಲ್ಲೂ ಇಲ್ಲ ಕಣ್ರೀ.’

‘ಎಲ್ಲೂ ಇಲ್ದೆ ಗೀರು ತಾನಾಗಿ ಬಂತಾ?’

ಅವರಿಬ್ಬರನ್ನು ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ನಾನು ಬಿಡಲಿಲ್ಲ. ಬಾಗಿಲ ಮೆಟ್ಟಿಲಿಂದ ಎದ್ದು ಬಂದೆ. ಗೇಣು ಹಾಕಿ ನೆಲದಿಂದ ಗೀರಿನವರೆಗೆ ಅಳೆದೆ. ನಾಲ್ಕು ಗೇಣು, ಮೇಲೆ ಮೂರು ಬೆರಳು. ‘ಇದರ ಎತ್ತರಕ್ಕೆ ಏನಿದೆಯೋ ಅದೇ ಕಳ್ಳ’ ಎಂದೆ. ಮೊದಲು ಗೇಟಿನ ಚಿಲಕ ಅಳೆದೆ. ಎರಡು ಬೆರಳು ಕಡಿಮೆ ಬಂತು. ಆಮೇಲೆ ಕಾಂಪೌಂಡಿನ ಆಚೆಗೆ ಕೂಗಿ, ‘ನಿನ್ನ ಮೇಕೆ ನಿನ್ನೆ ಮೊನ್ನೆ ನಮ್ಮನೆ ಕಡೆ ಬಂದಿತ್ತೇನೆ? ಕೊಂಬಲ್ಲಿ ತಿವಿದಿರಬೇಕು, ಹಿಡ್ಕೊಂಡ್ ಬಾ’ ಎಂದೆ.

‘ಅಕ್ಕಾ, ನನ್ನ ಮೇಕೆಗೆ ಕೊಂಬೇ ಇಲ್ವಲ್ಲ!’

‘ಇಲ್ದಿದ್ರೇನು, ತಲೆ ಇದ್ಯಲ್ಲ.’

ಅವಳು ಮೇಕೆಯನ್ನು ಎತ್ತಿ ಕಾಂಪೌಂಡಿನ ಮೇಲೆ ನಿಲ್ಲಿಸಿ ತೋರಿಸಿದಳು. ಬೋಳುತಲೆ. ಅದು ನನ್ನನ್ನೇ ನೋಡುತ್ತ ಮೆಲುಕು ಹಾಕಿತು. ‘ಇನ್ಮೇಲೆ ನನ್ನ ಮೇಕೆ ಹೆಸರು ಎತ್ತಬೇಡ, ನನ್ನ ಹೆಸರೂ ಎತ್ತಬೇಡ’ ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಳಿದದ್ದು ಸೊಸೆ. ‘ಬಾಮ್ಮ, ನಿಂತ್ಕೊ’ ಎಂದೆ. ಅವಳು ಕಾರಿನ ಪಕ್ಕ ನಿಂತಳು. ಹೆಗಲಿಗೆ ಊಟದ ಡಬ್ಬಿಯ ಚೀಲ ಇತ್ತು. ಅದರ ಪಟ್ಟಿಗೊಂದು ಕಬ್ಬಿಣದ ಕೊಕ್ಕೆ. ಕೊಕ್ಕೆ ನಾಲ್ಕು ಗೇಣು, ಮೇಲೆ ಎರಡೂವರೆ ಬೆರಳು. ‘ಹೂಂ’ ಎಂದೆ.

ಬೇರೇನೂ ಅನ್ನಲಿಲ್ಲ. ಆದರೆ ನನ್ನ ‘ಹೂಂ’ ಎಂಥದ್ದು ಎಂದು ಈ ಮನೆಗೆ ಬಂದವರಿಗೆಲ್ಲ ಗೊತ್ತು.

‘ಅಜ್ಜಿ, ನೀನೂ ನಿಂತ್ಕೋ’ ಎಂದಳು ಮೊಮ್ಮಗಳು.

‘ನನ್ನ ಕೈಯಲ್ಲಿ ಏನಿದೆ ನೋಡೇ!’ ಎಂದು ಎರಡು ಬರಿಗೈ ತೋರಿಸಿದೆ. ಕೈ ಸ್ವಚ್ಛವಾಗಿಯೇ ಇತ್ತು.

ಮಗ ಕಾರಿನ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಸಿದ. ‘ಸ್ವಲ್ಪ ದಿನ ಬಸ್ಸಲ್ಲೇ ಹೋಗು. ಕೈ ಕೂರ್ಲಿ’ ಎಂದ.

‘ಕೈ ಕೂರ್ಬೇಕಾದ್ರೆ ಓಡಿಸ್ಬೇಕಲ್ವಾ?’ ಎಂದಳು ಸೊಸೆ.

ಮಂಗಳವಾರದಿಂದ ಅವಳು ಮತ್ತೆ ಕತ್ತಲಲ್ಲಿ ಎದ್ದು ಬಸ್ಸಿಗೆ ಓಡಿದಳು. ಜೊತೆಗೆ ಬರುತ್ತಿದ್ದ ಇಬ್ಬರು ಹೆಂಗಸರೂ ಓಡಿದರು. ಕಾರು ಇಟ್ಟಲ್ಲೇ ಇತ್ತು. ಒಂದು ದಿನವೂ ಅಲ್ಲಾಡಲಿಲ್ಲ. ಮಗನಿಗೆ ಬೈಕಿದೆ, ನನಗೆ ಎರಡು ಕಾಲಿವೆ. ಅದರ ಮೇಲೆ ಧೂಳು ಮಾತ್ರ ದಿನಾ ಹತ್ತಿ ಇಳಿಯಿತು.

ಗುರುವಾರ ಸಂಜೆ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಸೊಸೆ ಬಂದವಳು ಒಳಗೆ ಬರದೆ ಗೇಟಿನ ಹತ್ತಿರ ಬಗ್ಗಿ ಏನೋ ನೋಡುತ್ತಿದ್ದಳು. ಚಿಲಕವನ್ನು ಹೆಬ್ಬೆರಳಿಂದ ತಿಕ್ಕಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು, ಫ್ಯಾಕ್ಟರಿಯಲ್ಲಿ ಮುಚ್ಚಳ ನೋಡುವ ಹಾಗೆ. ನೀಲಿ ಬಣ್ಣ ಹುಡುಕುತ್ತಿದ್ದಳು. ಆಮೇಲೆ ಬಂದು ನನ್ನ ಎದುರಿಗೆ ಕೂತು ಎರಡು ಕಾಯಿ ಸುಲಿದಳು.

‘ಅತ್ತೆ, ಅವತ್ತು ಫ್ಯಾಕ್ಟರಿ ಹತ್ರ ತಿರುಗಿಸ್ಕೊಳ್ಳುವಾಗ ಒಂದು ಕಂಬ ಇತ್ತು. ಅದಕ್ಕೇನಾದ್ರೂ ತಾಗಿತ್ತಾ ಅಂತ… ನಂಗೇ ಗೊತ್ತಾಗಿಲ್ವೇನೋ.’

‘ಇರಬೌದು’ ಎಂದೆ.

ಆಗ ನನಗೆ ನಿಜ ಗೊತ್ತಿರಲಿಲ್ಲ. ಆದರೂ ‘ಇರಬೌದು’ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಬಂದಿಲ್ಲ.

ಮುಂದಿನ ಭಾನುವಾರ ಮಗ ಮತ್ತೆ ಬಕೆಟ್ ಹಿಡಿದ. ಓಡದ ಕಾರಿಗೂ ಸ್ನಾನ ತಪ್ಪಬಾರದಲ್ಲ. ಅವತ್ತು ಕರೆಂಟಿರಲಿಲ್ಲ, ಮೋಟರು ಓಡಲಿಲ್ಲ, ತೊಟ್ಟಿಯ ನೀರಿನಲ್ಲೇ ತೊಳೆದ. ಪಕ್ಕದ ಮನೆಯಾಕೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೊಮ್ಮಗಳು ಇನ್ನೂ ಮಲಗಿದ್ದಳು. ಮಗ ಬಕೆಟ್ ತೊಳೆಯಲು ಹಿತ್ತಲಿಗೆ ಹೋದ. ನಾನು ಪಾಸಾದ ನನ್ನ ಬಟ್ಟೆ ಹಿಡಿದು, ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿ, ಕಾಂಪೌಂಡಿನ ಸಂದಿಗೆ ಹೊಕ್ಕೆ. ಕಾರು ಹಿಂದುಮುಂದಾಗಿ ನಿಂತಿದ್ದರಿಂದ ಈ ಸಲ ಅಲ್ಲಿಗೆ ಬಂದದ್ದು ಬಲಮಗ್ಗುಲು. ಹೊಟ್ಟೆ ಒತ್ತಿ, ಕೈ ಚಾಚಿ, ಸರಿಯತೊಡಗಿದೆ.

ಕಿರ್ರ್ ಎಂದಿತು.

ಹಲ್ಲಿ ಎಂದುಕೊಂಡೆ. ಇನ್ನೊಂದು ಹೆಜ್ಜೆ ಸರಿದೆ. ಕಿರ್ರ್. ನಿಂತೆ. ಅದೂ ನಿಂತಿತು. ಸರಿದೆ, ಅದೂ ಸರಿಯಿತು. ಇಷ್ಟು ನಿಯತ್ತಿನ ಹಲ್ಲಿ ಇರುವುದಿಲ್ಲ. ಬಗ್ಗಿ ನೋಡಿದೆ.

ನನ್ನ ಸೆರಗಿನ ತುದಿಯಲ್ಲಿ ಒಂದು ಗಂಟಿರುತ್ತದೆ. ಮದುವೆಯಾಗಿ ಬಂದಾಗ ನಮ್ಮತ್ತೆಯ ಸೆರಗಿನಲ್ಲಿತ್ತು, ಅವರು ಹೋದ ಮೇಲೆ ನನ್ನ ಸೆರಗಿಗೆ ಬಂತು. ಅದರೊಳಗೆ ಹಳೆಯ ಮನೆಯ ಉಗ್ರಾಣದ ಬೀಗದ ಕೈ. ಕಬ್ಬಿಣದ್ದು, ನನ್ನ ನಡುಬೆರಳಷ್ಟು ಉದ್ದ, ತುದಿಗೆ ಎರಡು ಹಲ್ಲು. ಅದರ ಭಾರ ನನ್ನ ಮೈಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಬಳೆ ಉಂಗುರ ವಾಚು ಎಂದು ಮೊಮ್ಮಗಳು ಒಂದೊಂದೇ ಹೇಳುವಾಗ ಅದು ನೆನಪಿಗೇ ಬಂದಿರಲಿಲ್ಲ. ಹೊಕ್ಕಳು ತೆಗೆದಿಡಲು ಯಾರಾದರೂ ನೆನೆಯುತ್ತಾರೆಯೇ? ನಾನು ಮನೆಯಲ್ಲಿ ಉಡುವುದು ಹಳೆಯ ಹತ್ತಿಸೀರೆ. ಪಕಳೆಯಷ್ಟು ಮೆತ್ತಗೆ ಎಂದು ಬೀಗುತ್ತಿದ್ದೆನಲ್ಲ, ಅದೇ ಮೆತ್ತನೆಯ ಬಟ್ಟೆಯನ್ನು ತೂತು ಮಾಡಿಕೊಂಡು ಬೀಗದ ಕೈಯ ಒಂದು ಹಲ್ಲು ಹೊರಗೆ ಇಣುಕುತ್ತಿತ್ತು. ಆ ಹಲ್ಲಿನ ಸಂದಿಯಲ್ಲಿ ನೀಲಿ ಬಣ್ಣ. ಕಾರಿನ ಬಾಗಿಲ ಮೇಲೆ, ನಾಲ್ಕು ಗೇಣು ಮೂರು ಬೆರಳಿನ ಎತ್ತರಕ್ಕೆ, ಎಡಗಡೆಯದರ ಅವಳಿಯ ಹಾಗೆ ಇನ್ನೊಂದು ಗೀರು.

ಸೊಸೆ ಆರು ದಿನದಿಂದ ಆ ಕಾರನ್ನು ಮುಟ್ಟಿರಲಿಲ್ಲ.

ಆಗ ನಾನು ಮಾಡಿದ ಮೊದಲ ಕೆಲಸ, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ್ದು. ಕಾಂಪೌಂಡಿನ ಆಚೆ ಮೇಕೆ ಮಾತ್ರ ಇತ್ತು. ಎರಡನೆಯ ಕೆಲಸ, ಹೆಬ್ಬೆರಳಿಗೆ ಉಗುಳು ಹಚ್ಚಿ ಗೀರನ್ನು ತಿಕ್ಕಿದ್ದು. ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಸವರಿದೆ. ಅಷ್ಟಾಗಿ ಕಾಣದ ಗೀರು ಈಗ ಎಣ್ಣೆ ಹಚ್ಚಿದ ಬೈತಲೆಯ ಹಾಗೆ ಹೊಳೆಯಿತು. ಮತ್ತೆ ಮೇಕೆಯ ಮೇಲೆ ಹಾಕೋಣವೇ ಎಂದು ಒಂದು ಯೋಚನೆ ಬಂತು. ಬಂದದ್ದು ನಿಜ, ಬರೆಯುತ್ತಿದ್ದೇನೆ. ಕಾಂಪೌಂಡಿನ ಕಡೆ ಯಾರೂ ನೋಡುವುದಿಲ್ಲ, ಸುಮ್ಮನಿದ್ದುಬಿಡೋಣ ಎಂದು ಇನ್ನೊಂದು ಯೋಚನೆ ಬಂತು. ಇದು ನನಗೆ ಹಿಡಿಸಿತು. ಎಣ್ಣೆ ಒರೆಸಿ ಒಳಗೆ ಬಂದೆ. ಮಧ್ಯಾಹ್ನ ಮುದ್ದೆ ಚೆನ್ನಾಗಿಯೇ ಇಳಿಯಿತು. ಉಂಡು ಮಲಗಿದೆ, ನಿದ್ದೆಯೂ ಬಂತು. ಪಶ್ಚಾತ್ತಾಪದಲ್ಲಿ ಅನ್ನ ಬಿಟ್ಟೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಬಿಟ್ಟಿರಲಿಲ್ಲ.

ಎಚ್ಚರವಾದಾಗ ನಡುಮನೆಯಲ್ಲಿ ಗಂಡಹೆಂಡತಿ ಮಾತಾಡುತ್ತಿದ್ದರು.

‘ಕಾರು ನೀವೇ ಇಟ್ಕೊಂಡ್ಬಿಡಿ. ನಂಗೆ ಬೇಡ’ ಎಂದಳು ಸೊಸೆ.

‘ಯಾಕೆ?’

‘ಕಂಬಕ್ಕೆ ತಾಗಿದ್ದೂ ಗೊತ್ತಾಗದಿದ್ದವಳು ನಾಳೆ ಯಾರಿಗಾದ್ರೂ ತಾಗಿಸಿದ್ರೆ? ಹಿಂದೆ ಇಬ್ರು ಕೂತಿರ್ತಾರೆ. ಬಸ್ಸೇ ವಾಸಿ.’

‘ಸರಿ ಬಿಡು’ ಎಂದ ಮಗ.

ಕಂಬ ಈಗ ‘ಇರಬೌದು’ ಆಗಿರಲಿಲ್ಲ, ನಡೆದೇಹೋದದ್ದಾಗಿತ್ತು. ನಾನು ಚಾಪೆಯ ಮೇಲೆ ಮಲಗಿದ್ದಂತೆಯೇ ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ. ಈ ಬೀಗದ ಕೈ ನನ್ನ ಸೆರಗಿಗೆ ಬರಲು ನಾನು ಇಪ್ಪತ್ತೆರಡು ವರ್ಷ ಕಾದಿದ್ದೆ. ಅಷ್ಟು ವರ್ಷವೂ ಒಂದು ಪಾವು ರಾಗಿ ಬೇಕೆಂದರೆ ನಮ್ಮತ್ತೆಯ ಮುಂದೆ ಹೋಗಿ ನಿಲ್ಲಬೇಕಿತ್ತು. ನಿಂತು ನಿಂತು ಅಭ್ಯಾಸವಾದವಳಿಗೆ, ಇನ್ನೊಬ್ಬರನ್ನು ನಿಲ್ಲಿಸುವುದು ಎಷ್ಟು ಸುಲಭಕ್ಕೆ ಬಂದುಬಿಟ್ಟಿತ್ತು ನೋಡಿ. ಎದ್ದೆ.

ಟೀ ಕುಡಿಯುವ ಹೊತ್ತಿಗೆ ಅಂಗಳಕ್ಕೆ ಹೋಗಿ ಕೂಗಿದೆ. ‘ಬನ್ರೋ ಎಲ್ಲಾ! ಒಂದು ಅಳತೆ ಬಾಕಿ ಇದೆ.’

ಲೋಟ ಹಿಡಿದುಕೊಂಡೇ ಬಂದರು. ಕಾಂಪೌಂಡಿನ ಆಚೆಯ ಬಾಗಿಲೂ ತೆರೆಯಿತು. ಮಾತು ಬಿಟ್ಟವರಿಗೂ ಕಿವಿ ಇರುತ್ತದಲ್ಲ. ನಾನು ಎಡಮಗ್ಗುಲಿನ ಹಳೆಯ ಗೀರಿನ ಮುಂದೆ ನಿಂತು, ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆಯನ್ನು ಬಾಗಿಲಿಗೆ ಒತ್ತಿ ಕೈ ಮೇಲೆತ್ತಿದೆ.

‘ಏನ್ ಮಾಡ್ತಿದ್ದೀಯವ್ವಾ?’ ಎಂದ ಮಗ.

‘ಒರೆಸ್ತಾ ಇದೀನಿ. ಗಂಟು ಎಲ್ಲಿಗೆ ಬಂತು ನೋಡೇ’ ಎಂದೆ ಮೊಮ್ಮಗಳಿಗೆ.

ಅವಳು ಮೊಣಕಾಲೂರಿ ಕಣ್ಣು ಹತ್ತಿರ ತಂದಳು. ‘ಅಜ್ಜೀ! ಕರೆಕ್ಟಾಗಿ ಗೀರಿನ ಮೇಲೇ ಇದೆ!’

‘ಆ ಕಡೆ ಹೋಗಿ ನೋಡು, ಇನ್ನೊಂದಿದೆ. ಇವತ್ತು ಬೆಳಿಗ್ಗೆದು. ಇನ್ನೂ ಬಿಸಿ ಇರಬೌದು.’

ಮೊಮ್ಮಗಳು ಸಂದಿಗೆ ಹೊಕ್ಕು, ‘ಅಯ್ಯಯ್ಯೋ’ ಎಂದದ್ದು ಎಲ್ಲರಿಗೂ ಕೇಳಿಸಿತು. ಗಂಟು ಬಿಚ್ಚಿ ಬೀಗದ ಕೈಯನ್ನು ಮಗನ ಅಂಗೈಗೆ ಹಾಕಿದೆ. ಒಂದು ತುಂಡು ಅಡಿಕೆಯೂ ಜೊತೆಗೆ ಬಿತ್ತು. ಅವನು ಹಲ್ಲಿನ ಸಂದಿಯ ನೀಲಿಯನ್ನು ಉಗುರಿಂದ ಕೆರೆದು ನೋಡಿದ.

‘ಇದು ಯಾವ ಬೀಗದ್ದವ್ವಾ?’

‘ಉಗ್ರಾಣದ್ದು.’

‘ಉಗ್ರಾಣ ಎಲ್ಲಿದೆ?’

ನಾನು ಕಾಲ ಕೆಳಗೆ ನೋಡಿದೆ. ಹಳೆಯ ಮನೆ ಕೆಡವಿ ಈ ಮನೆ ಕಟ್ಟಿದಾಗ ಉಗ್ರಾಣವಿದ್ದ ಜಾಗವನ್ನೇ ಸಮ ಮಾಡಿ ಕಾರು ನಿಲ್ಲಿಸಲು ಬಿಟ್ಟಿದ್ದರು. ಬಾಗಿಲೂ ಬೀಗವೂ ಹಳೆಯ ಸಾಮಾನಿನವನ ಗಾಡಿಯಲ್ಲಿ ಹೋಗಿದ್ದವು. ನಾನು ಅಷ್ಟು ವರ್ಷದಿಂದ ಕಟ್ಟಿಕೊಂಡು ತಿರುಗುತ್ತಿದ್ದದ್ದು ಅದರ ಕೈ.

ಕಾಂಪೌಂಡಿನ ಆಚೆಯಿಂದ, ‘ನನ್ನ ಮೇಕೆಗೆ ಯಾರು ಸಮಾಧಾನ ಹೇಳೋರು?’ ಎಂದು ಕೇಳಿಸಿತು.

‘ನಾಳೆ ಒಂದು ಹೊರೆ ಸೊಪ್ಪು ಕಳಿಸ್ತೀನಿ, ಸುಮ್ನಿರೇ.’

‘ಅಳತೆ ಮಾಡಿ ಕಳಿಸಕ್ಕಾ. ಮೂರು ಬೆರಳು ಕಡಿಮೆ ಮಾಡ್ಬೇಡ.’

ಮಗ ನಕ್ಕ, ಮೊಮ್ಮಗಳು ನಕ್ಕಳು. ಸೊಸೆ ನಗಲಿಲ್ಲ. ಅವಳು ಎಡಗಡೆಯ ಗೀರನ್ನು ನೋಡಿದಳು, ಆ ಕಡೆ ಹೋಗಿ ಬಲಗಡೆಯದನ್ನು ನೋಡಿದಳು. ಮಗ ಒಳಗೆ ಹೋಗಿ ಮೊಳೆಯಿಂದ ಕಾರಿನ ಕೀಲಿ ತಂದು ಅವಳ ಮುಂದೆ ಹಿಡಿದ. ಬೈಯಿಸಿಕೊಳ್ಳಬೇಕಾದ ಮುಖ ಅವನದೂ ಆಗಿತ್ತು.

‘ಬೇಡ ಬಿಡಿ’ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ‘ಆರು ದಿನ ನಂದೇ ತಪ್ಪು ಅಂದ್ಕೊಂಡು ಓಡಾಡಿದೀನಿ ಅತ್ತೆ. ಕಣ್ಣು ಮುಚ್ಚಿದ್ರೆ ಆ ಕಂಬಕ್ಕೆ ತಾಗಿದ್ದು ಕಾಣುತ್ತೆ. ತಾಗೇ ಇಲ್ಲ ಅಂತ ಈಗ ಹೇಳಿದ್ರೆ? ಕೀಲಿ ಮುಟ್ಟೋಕೇ ಭಯ ಆಗುತ್ತೆ ನಂಗೆ.’

ತಪ್ಪಾಯ್ತು ಎಂದೆ. ಬಾಯಿಯೊಳಗೇ ಅಂದೆನೋ ಹೊರಗೆ ಕೇಳಿಸಿತೋ ಗೊತ್ತಿಲ್ಲ. ಅವಳು ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಕೀಲಿ ಮತ್ತೆ ಮೊಳೆಗೆ ಹೋಯಿತು.

ಮಾರನೆಯ ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದೆ. ಸ್ನಾನ ಮಾಡಿ, ದಾರದ ಮೇಲೆ ಒಣಗಿದ್ದ ಅವಳ ನೈಟಿಯನ್ನು ತೆಗೆದು ತಲೆಯಿಂದ ಇಳಿಸಿಕೊಂಡೆ. ಹಳದಿ ಹೂವಿನದು. ನನಗೆ ಉದ್ದವಾಗಿ ನೆಲಕ್ಕೆ ತಾಗಿತು; ಕೈಯಲ್ಲಿ ಎತ್ತಿ ಹಿಡಿದುಕೊಂಡೆ. ಸೆರಗಿಲ್ಲ, ಗಂಟಿಲ್ಲ, ಸೊಂಟಕ್ಕೆ ಸಿಕ್ಕಿಸಲು ಏನೂ ಇಲ್ಲ. ಉಗ್ರಾಣದ ಬೀಗದ ಕೈಯನ್ನು ಮೊಳೆಗೆ ಹಾಕಿ, ಅಲ್ಲಿದ್ದ ಕಾರಿನ ಕೀಲಿಯನ್ನು ತೆಗೆದುಕೊಂಡೆ. ಅಂಗಳಕ್ಕೆ ಬಂದು, ರಾತ್ರಿ ಬಿದ್ದ ಇಬ್ಬನಿಗೆ ಒದ್ದೆಯಾಗಿದ್ದ ಕಾರನ್ನು ನೋಡಿದೆ. ಬರೀ ಇಬ್ಬನಿಯಲ್ಲ, ಅದರ ಕೆಳಗೆ ರಸ್ತೆಯ ಧೂಳೂ ಇತ್ತು. ಒರೆಸಿದರೆ ಗೀರು. ಆದ್ದರಿಂದ ಎರಡು ಬಕೆಟ್ ನೀರು ಸುರಿದು ಧೂಳು ಇಳಿಸಿದೆ. ಆಮೇಲೆ ಮೊಮ್ಮಗಳ ಕುರಿಮರಿ ಟವೆಲ್ಲನ್ನು ಹಾಸಿದೆ, ಎರಡು ಮೂಲೆ ಹಿಡಿದೆ, ಮೆಲ್ಲಗೆ ನನ್ನ ಕಡೆಗೆ ಎಳೆದುಕೊಂಡೆ. ನೀರನ್ನು ಅದೇ ಕುಡಿದುಕೊಂಡಿತು. ನನ್ನ ಬಟ್ಟೆಗಿಂತ ಚೆನ್ನಾಗಿಯೇ ಕುಡಿಯಿತು. ಕಾರಿನ ತಲೆಯನ್ನು ಸ್ಟೂಲು ಹಾಕಿಕೊಂಡು ಒರೆಸಿದೆ.

ಪಕ್ಕದ ಮನೆಯಾಕೆ ಬಾಗಿಲಿಗೆ ನೀರು ಹಾಕಲು ಬಂದವಳು ಚೊಂಬು ಹಿಡಿದು ನಿಂತಳು.

‘ಏನಕ್ಕಾ, ರಾಗಿ ಚೀಲಕ್ಕೆ ಕಾಲು ಬಂತಾ?’

‘ಬಂತು ಕಣೇ. ಹೂವೂ ಬಂತು.’

ಬಸ್ಸಿನಲ್ಲಿ ತೋರಿಸುವ ನನ್ನ ಆಧಾರ್ ಕಾರ್ಡನ್ನು ಒಳಗಿಂದ ತಂದೆ. ಇಡಲು ಸೆರಗಿನ ಗಂಟಿಲ್ಲವಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡೆ. ಹೆಗಲ ಮೇಲೆ ಬೇರೆ ಒಣ ಟವೆಲ್ ಹಾಕಿಕೊಂಡು ಕಾರಿನ ಮುಂದಿನ ಬಾಗಿಲು ತೆರೆದು ಕೂತೆ. ಆ ಇಬ್ಬರು ಹೆಂಗಸರು ಬಸ್ಸಿಗೆಂದು ನಮ್ಮ ಗೇಟಿನ ಮುಂದೆ ಹೋಗುತ್ತಿದ್ದರು. ‘ಬನ್ರಮ್ಮಾ, ಹತ್ತಿ’ ಎಂದು ಕರೆದು ಹಿಂದೆ ಕೂರಿಸಿದೆ.

ಸೊಸೆ ಊಟದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟವಳು ಬಾಗಿಲಲ್ಲೇ ನಿಂತಳು. ಕಾರು ನೋಡಿದಳು, ನೈಟಿ ನೋಡಿದಳು.

‘ಎಲ್ಲಿಗೆ ಅತ್ತೆ?’

‘ಸೋಂಪುರಕ್ಕೆ. ಆ ಕಂಬ ಎಲ್ಲಿದೆ ತೋರಿಸು, ಅಳತೆ ಮಾಡ್ಬೇಕು.’

‘ವಾಪಸ್ ಹೆಂಗ್ ಬರ್ತೀರಾ?’

‘ಬಸ್ಸಿಲ್ವಾ? ಕಾರ್ಡಿದೆ.’

‘ಈ ವೇಷದಲ್ಲಾ?’

‘ತಡ ಆಗ್ತದೆ, ಹತ್ತು’ ಎಂದೆ. ಕಾರಿನ ಕೀಲಿಯನ್ನು ಅವಳ ಸೀಟಿನ ಮೇಲಿಟ್ಟೆ. ಅವಳು ಹಿಂದೆ ಕೂತಿದ್ದ ಇಬ್ಬರನ್ನೂ ನೋಡಿದಳು. ಆಮೇಲೆ ಬಂದು, ಊಟದ ಚೀಲವನ್ನು ಹೆಗಲಿಂದ ತೆಗೆದು ಕೊಕ್ಕೆ ಒಳಗಾಗುವ ಹಾಗೆ ಮಡಿಸಿ ನನ್ನ ಮಡಿಲಿಗೆ ಹಾಕಿ, ಕೂತಳು. ಕೀಲಿ ಮೂರನೆಯ ಸಲಕ್ಕೆ ತೂತಿಗೆ ಹೋಯಿತು. ನಾನು ಆ ಕಡೆ ನೋಡಲಿಲ್ಲ, ‘ಹೂಂ’ ಎಂದೂ ಅನ್ನಲಿಲ್ಲ. ಗೇಟು ದಾಟುವಾಗ ಅವಳು ಹಾರ್ನ್ ಒತ್ತಲು ಮರೆತಳು. ನಾನೇ ಕೈ ಚಾಚಿ ಒತ್ತಿದೆ.